ದೂಳು ನುಡಿದ ಸಾಕ್ಷಿ

1963ರಲ್ಲಿ ಆಸ್ಟ್ರೇಲಿಯದ ಪಾರ್ಕ್ಸ್ ರೇಡಿಯೊ ದೂರದರ್ಶಕದಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಬೋಲ್ಟನ್ ಮತ್ತು ಸಂಗಡಿಗರಿಗೆ ಪಿಕೆಎಸ್ 1934-63 ಎಂಬ ಆಕರವೊಂದು ಒಗಟಾಗಿ ಕಂಡಿತು. ಸಾಮಾನ್ಯ ರೇಡಿಯೊ ಗೆಲಾಕ್ಸಿಗಳ ಸಂಕೇತ ಆವರ್ತನ ತಗ್ಗಿದಷ್ಟೂ ಬಲವಾಗುತ್ತ ಹೋಗುತ್ತದೆ. ಇದರದ್ದು ಹಾಗಲ್ಲ, 1400 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ತುದಿ ಮುಟ್ಟಿ, ಅದಕ್ಕಿಂತ ಕೆಳಗೆ ಮತ್ತೆ ಕುಸಿಯುತ್ತಿತ್ತು. ಆಕರ ತೀರಾ ಕಿರಿದಾಗಿದ್ದು, ತಾನು ಹೊರಸೂಸಿದ ಅಲೆಗಳನ್ನು ತಾನೇ ಹೀರಿಕೊಂಡರೆ ಹೀಗಾಗುತ್ತದೆ. ಮುಂದೆ 1981-82ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜಯ್ ಕಪಾಹಿ, ಬ್ರಿಟನ್ನಿನ ಪೀಕಾಕ್ ಮತ್ತು ವಾಲ್ ಇನ್ನೊಂದು ಬಳಗವನ್ನು ಗುರುತಿಸಿದರು. ಈ ಆಕರಗಳ ರೋಹಿತ ದೊಡ್ಡ ರೇಡಿಯೊ ಗೆಲಾಕ್ಸಿಗಳಂತೆಯೇ ಇದೆ, ಗಾತ್ರ ಮಾತ್ರ ಗಿಡ್ಡ. ಮಾಮೂಲಿ ರೇಡಿಯೊ ಗೆಲಾಕ್ಸಿಯಲ್ಲಿ ನಡುವಿನ ಕಪ್ಪುಕುಳಿಯಿಂದ ಚಿಮ್ಮುವ ಜೆಟ್‌ಗಳು ಲಕ್ಷಾಂತರ ಜ್ಯೋತಿರ್ವರ್ಷ ಚಾಚಿಕೊಂಡರೆ, ಈ ಬಳಗದವು ತಮ್ಮ ಗೆಲಾಕ್ಸಿಯ ಮೈಯನ್ನೇ ದಾಟಿಲ್ಲ. ಪಿಕೆಎಸ್ 1934-63ರಂಥವು ಸುಮಾರು 3,000 ಜ್ಯೋತಿರ್ವರ್ಷದೊಳಗೇ ಮುಗಿಯುತ್ತವೆ. ಇವನ್ನು ಅಪರೂಪವೆಂದು ತಳ್ಳಿಹಾಕುವಂತೆಯೂ ಇರಲಿಲ್ಲ. ಪ್ರಖರ ರೇಡಿಯೊ ಆಕರಗಳ ಪಟ್ಟಿಗಳಲ್ಲಿ ಎರಡೂ ಬಗೆ ಸೇರಿದರೆ ಮೂರರಲ್ಲಿ ಒಂದಕ್ಕೂ ಹೆಚ್ಚು ಪಾಲು ಇವುಗಳದೇ.

ಗಿಡ್ಡಾಗಿರುವುದಕ್ಕೆ ಎರಡು ಕಾರಣ ಸಾಧ್ಯ. ನಿನ್ನೆ ಮೊಳೆತ ಸಸಿಯೂ ಕುಂಡದಲ್ಲಿ ಬೇರು ಬಿಗಿದು ಬೆಳೆಯಲಾರದೆ ನಿಂತ ಹಳೆಯ ಗಿಡವೂ ಒಂದೇ ಎತ್ತರ ಇರಬಲ್ಲವು. ಜೆಟ್ ಈಗಷ್ಟೇ ಹೊರಟಿದೆ, ಆಕರ ಎಳೆಯದು ಎಂದು 1982ರಲ್ಲಿ ಫಿಲಿಪ್ಸ್ ಮತ್ತು ಮ್ಯೂಟೆಲ್ ವಾದಿಸಿದರು. ಎರಡೇ ವರ್ಷದಲ್ಲಿ ವ್ಯಾನ್ ಬ್ರೂಗಲ್, ಮೈಲಿ ಮತ್ತು ಹೆಕ್‌ಮನ್ ಎದುರು ವಾದ ಮುಂದಿಟ್ಟರು: ಗೆಲಾಕ್ಸಿಯ ಒಡಲಲ್ಲಿ ದಟ್ಟ ಅನಿಲ ಕವಿದಿದೆ, ಜೆಟ್ ಅದನ್ನು ಸೀಳಲಾರದೆ ಸೆರೆಯಾಗಿದೆ. ರೇಡಿಯೊ ಚಿತ್ರವೊಂದನ್ನೇ ನೋಡುತ್ತ ಕುಳಿತರೆ ಈ ಜಗಳ ಬಗೆಹರಿಯುವಂತಿರಲಿಲ್ಲ. ಇದನ್ನು ತೀರ್ಮಾನದ ಕಡೆಗೆ ತಿರುಗಿಸಿದ್ದು ಅವಗೆಂಪು ಕಿರಣಗಳ ಅಧ್ಯಯನ. ಅದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಇನ್ನೂ ಸಂದಿಲ್ಲ ಎಂಬುದು ನನ್ನ ವಾದ.

ತರ್ಕ ನೇರವಾಗಿದೆ. ಜೆಟ್ಟನ್ನು ತಡೆದು ನಿಲ್ಲಿಸುವಷ್ಟು ತಣ್ಣನೆಯ ಅನಿಲ ಇದ್ದರೆ ಅದರೊಡನೆ ದೂಳೂ ಇರಲೇಬೇಕು. ಕಪ್ಪುಕುಳಿಯ ಸುತ್ತಲಿನ ತಟ್ಟೆಯಿಂದಲೋ ಹೊಸ ನಕ್ಷತ್ರಗಳಿಂದಲೋ ಬರುವ ನೇರಳಾತೀತ ಬೆಳಕನ್ನು ದೂಳು ಹೀರಿ ಬಿಸಿಯಾಗುತ್ತದೆ, ಆ ಶಾಖವನ್ನು ಅವಗೆಂಪಿನಲ್ಲಿ ಬಿಟ್ಟುಕೊಡುತ್ತದೆ. ಮೈನಸ್ 243 ಡಿಗ್ರಿ ಸೆಲ್ಸಿಯಸ್‌ನ ದೂಳು ಅತಿ ಹೆಚ್ಚು ಬೆಳಗುವುದು ನೂರು ಮೈಕ್ರಾನ್ ತರಂಗಾಂತರದ ಬಳಿ. ಹಾಗಾದರೆ ಸೆರೆಯಾದ ಆಕರಗಳು ದೊಡ್ಡ ರೇಡಿಯೊ ಗೆಲಾಕ್ಸಿಗಳಿಗಿಂತ ಅವಗೆಂಪಿನಲ್ಲಿ ಎದ್ದು ಕಾಣಬೇಕು; ಎಳೆಯವಾದರೆ ಅಂಥ ವ್ಯತ್ಯಾಸ ಇರಬೇಕಾಗಿಲ್ಲ. 1983ರ ಜನವರಿಯಲ್ಲಿ ಹಾರಿದ ಐರಾಸ್ ಉಪಗ್ರಹ ದ್ರವ ಹೀಲಿಯಂ ತೀರುವವರೆಗಿನ ಹತ್ತು ತಿಂಗಳಲ್ಲಿ 12, 25, 60 ಮತ್ತು 100 ಮೈಕ್ರಾನ್‌ಗಳಲ್ಲಿ ಆಕಾಶದ ಶೇ 96ರಷ್ಟನ್ನು ಅಳೆದಿತ್ತು. ಈ ಆಕರಗಳಲ್ಲಿ ಹೆಚ್ಚಿನವು ಒಂದೊಂದಾಗಿ ಕಾಣದಷ್ಟು ಮಂಕು. ಆದ್ದರಿಂದ ಟಿಮೊತಿ ಹೆಕ್‌ಮನ್ ತಂಡ ಹಲವು ಗೆಲಾಕ್ಸಿಗಳ ದತ್ತಾಂಶವನ್ನು ಒಟ್ಟುಗೂಡಿಸಿ ಸರಾಸರಿ ತೆಗೆಯಿತು. 1994ರಲ್ಲಿ ಬಂದ ಉತ್ತರ: ಗಿಡ್ಡ ಆಕರಗಳಿಗೂ ದೊಡ್ಡವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹತ್ತು ವರ್ಷ ಹಿಂದೆ ಸೆರೆಯ ವಾದವನ್ನು ಮಂಡಿಸಿದ್ದ ಮೂವರಲ್ಲಿ ಹೆಕ್‌ಮನ್ ಕೂಡ ಒಬ್ಬರಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ತಾನೇ ಹೂಡಿದ ವಾದವನ್ನು ಇಷ್ಟು ನಿಷ್ಠುರವಾಗಿ ಪರೀಕ್ಷೆಗೆ ಒಡ್ಡುವುದು ವಿಜ್ಞಾನದಲ್ಲೂ ದಿನನಿತ್ಯದ ಮಾತಲ್ಲ. 2000ದಲ್ಲಿ ಇಟಲಿಯ ಕಾರ್ಲಾ ಫಾಂಟಿ ಮತ್ತು ಸಂಗಡಿಗರು ಯುರೋಪಿನ ಐಸೊ ದೂರದರ್ಶಕದಿಂದ 200 ಮೈಕ್ರಾನ್‌ವರೆಗೂ ಹೋಗಿ ನೋಡಿದರು. ಉತ್ತರ ಬದಲಾಗಲಿಲ್ಲ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಕಟ್ಟಿಹಾಕಿದ ಅನಿಲ ಬಿಸಿಯದಾಗಿದ್ದು ದೂಳು ಸುಟ್ಟುಹೋಗಿದ್ದರೆ? ಆಗ ಅವಗೆಂಪು ಮೌನವಾಗಿರುವುದು ಸಹಜ. ಆದರೆ ಅಂಥ ದಟ್ಟ ಬಿಸಿ ಅನಿಲ ಎಕ್ಸ್-ಕಿರಣಗಳಲ್ಲಿ ತನ್ನನ್ನು ಬಚ್ಚಿಡಲಾರದು, ಬೇಗ ತಣಿಯದೆಯೂ ಇರಲಾರದು. ಕಂಡ ಅವಗೆಂಪು ದೂಳಿನದಲ್ಲ, ಜೆಟ್ಟಿನದೇ ಎಂಬುದು ಇನ್ನೊಂದು ಶಂಕೆ. ಜೆಟ್ ನಮ್ಮತ್ತ ಮುಖ ಮಾಡಿರುವ ಕ್ವೇಸಾರ್‌ಗಳಲ್ಲಿ ಇದು ನಿಜವಾದ ಅಪಾಯ. ಆದರೆ ಈ ಗೆಲಾಕ್ಸಿಗಳ ರೇಡಿಯೊ ರೋಹಿತ ಕಡಿದಾಗಿ ಇಳಿಯುತ್ತದೆ. ಅದೇ ಇಳಿಜಾರಿನಲ್ಲಿ ಮುಂದುವರಿದರೆ ಅವಗೆಂಪಿಗೆ ಅದರ ಕೊಡುಗೆ ಅತ್ಯಲ್ಪ. ಮೂರನೆಯ ಆಕ್ಷೇಪವೇ ನಿಜಕ್ಕೂ ಭಾರವಾದದ್ದು: ಸರಾಸರಿ ಎಂಬುದು ಕೆಲವರ ವಿಶೇಷವನ್ನು ಎಲ್ಲರ ನಡುವೆ ಮುಚ್ಚಿಬಿಡುತ್ತದೆ. 4ಸಿ 12.50 ಎಂಬ ಗೆಲಾಕ್ಸಿಯೇ ಇದಕ್ಕೆ ನಿದರ್ಶನ. ಎರಡು ಗೆಲಾಕ್ಸಿಗಳು ಡಿಕ್ಕಿಯಾಗಿ ಒಂದಾಗುತ್ತಿರುವ ಅದು ಸೂರ್ಯನ ಲಕ್ಷ ಕೋಟಿ ಪಟ್ಟಿಗೂ ಮಿಕ್ಕಿದ ಶಕ್ತಿಯನ್ನು ಅವಗೆಂಪಿನಲ್ಲಿ ಸುರಿಯುತ್ತದೆ. ದಟ್ಟ ಅನಿಲಕ್ಕೆ ಅಲ್ಲಿ ಬರವಿಲ್ಲ. ಹಾಗಿದ್ದೂ ಜೆಟ್ ಸೋತು ಕೂತಿಲ್ಲ. ಜೆಟ್ಟಿನ ತುದಿಯಲ್ಲೇ ತಣ್ಣನೆಯ ಹೈಡ್ರೋಜನ್ ಸೆಕೆಂಡಿಗೆ ಸುಮಾರು ಸಾವಿರ ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ದಬ್ಬಿಸಿಕೊಳ್ಳುತ್ತಿರುವುದನ್ನು ರಫಾಯೆಲಾ ಮೊರ್ಗಾಂಟಿ ತಂಡ 2013ರಲ್ಲಿ ತೋರಿಸಿಕೊಟ್ಟಿತು. ದೂಳು ತುಂಬಿದ ಮನೆಯಲ್ಲೂ ಜೆಟ್ ನಿಧಾನವಾಗಬಹುದು, ಶಾಶ್ವತ ಸೆರೆಯಾಗುವುದಿಲ್ಲ. ಸ್ಪಿಟ್ಜರ್ ದೂರದರ್ಶಕ ಹತ್ತಿರದ ಕೆಲವು ಗಿಡ್ಡ ಆಕರಗಳ ಅವಗೆಂಪು ರೋಹಿತವನ್ನು ಬಿಡಿಬಿಡಿಯಾಗಿ ಓದಿದಾಗಲೂ ಅವುಗಳ ನಡುವೆ ದೊಡ್ಡ ವೈವಿಧ್ಯ ಕಂಡಿತು. ಕೆಲವುಗಳಲ್ಲಿ ನಕ್ಷತ್ರಗಳು ಭರದಿಂದ ಹುಟ್ಟುತ್ತಿದ್ದವು, ಕೆಲವು ಬಹುತೇಕ ಶಾಂತ.

ಪಠ್ಯಗಳಲ್ಲಿ ಗೆಲುವಿನ ಕಿರೀಟ ಸಿಗುವುದು ಇನ್ನೊಂದು ಅಳತೆಗೆ. 1998ರಲ್ಲಿ ಒಸಿಯಾನಿಕ್ ಮತ್ತು ಕಾನ್ವೇ ಖಂಡಾಂತರ ರೇಡಿಯೊ ಜಾಲದಿಂದ 0710+439 ಆಕರದ ಎರಡು ತುದಿಗಳು ವರ್ಷದಿಂದ ವರ್ಷಕ್ಕೆ ದೂರ ಸರಿಯುತ್ತಿರುವುದನ್ನು ಅಳೆದು, ಅದರ ವಯಸ್ಸು ಸುಮಾರು 1,100 ವರ್ಷ ಎಂದರು. ಅದು ಸುಂದರ ಅಳತೆ, ಒಪ್ಪತಕ್ಕದ್ದು. ಆದರೆ ಅಂಥ ಚಲನೆ ಕಾಣಸಿಗುವುದು ಬೆರಳೆಣಿಕೆಯ ತೀರಾ ಪುಟ್ಟ ಆಕರಗಳಲ್ಲಿ; ಇಡೀ ಬಳಗದ ಪರವಾಗಿ ಅದಕ್ಕೂ ಮೊದಲೇ ಮಾತಾಡಿದ್ದು ದೂಳಿನ ಕೊರತೆ. ಎಲ್ಲವೂ ಎಳೆಯವಾದರೆ ಸಂಖ್ಯೆ ಇಷ್ಟೇಕೆ ಹೆಚ್ಚು ಎಂಬ ಪ್ರಶ್ನೆ ಮಾತ್ರ ಉಳಿಯಿತು. ಬೆಳೆಯುತ್ತ ಹೋದಂತೆ ರೇಡಿಯೊ ಪ್ರಖರತೆ ಕುಗ್ಗುತ್ತದೆ ಎಂಬುದು ಒಂದು ಉತ್ತರ. ಬಹಳಷ್ಟು ಆಕರಗಳು ದೊಡ್ಡವಾಗದೆ ಎಳವೆಯಲ್ಲೇ ಆರಿಹೋಗುತ್ತವೆ ಎಂಬುದು ಇನ್ನೊಂದು. 2024ರಲ್ಲಿ ಆಂಥನಿ ರೀಡ್‌ಹೆಡ್ ಮತ್ತು ಸಂಗಡಿಗರು 79 ಖಚಿತ ಆಕರಗಳನ್ನು ಪರಿಶೀಲಿಸಿ ಎರಡನೆಯದರ ಪರ ನಿಂತಿದ್ದಾರೆ. ಕಪ್ಪುಕುಳಿ ಒಂದು ದೈತ್ಯ ನಕ್ಷತ್ರವನ್ನು ನುಂಗಿದಾಗ ಹುಟ್ಟಿದ ಜೆಟ್ ಕೆಲವೇ ಸಾವಿರ ವರ್ಷಗಳಲ್ಲಿ ನಂದುತ್ತದೆ ಎಂಬುದು ಅವರ ಊಹೆ.

ಈ ಊಹೆಯನ್ನು ಒರೆಗೆ ಹಚ್ಚಲು ಮತ್ತೆ ದೂಳನ್ನೇ ಕೇಳಬೇಕು: ಕಪ್ಪುಕುಳಿಗೆ ಉಣಿಸಲು ಆ ಗೆಲಾಕ್ಸಿಗಳಲ್ಲಿ ತಣ್ಣನೆಯ ಅನಿಲದ ದಾಸ್ತಾನು ಇದೆಯೇ, ಇಲ್ಲವೇ? ಜೇಮ್ಸ್ ವೆಬ್ ದೂರದರ್ಶಕದ ಕಣ್ಣು 28 ಮೈಕ್ರಾನ್‌ಗೆ ನಿಲ್ಲುತ್ತದೆ. ಹರ್ಷಲ್ ದೂರದರ್ಶಕದ ಹೀಲಿಯಂ 2013ರಲ್ಲಿ ತೀರಿದ ಮೇಲೆ ನೂರು ಮೈಕ್ರಾನ್‌ನಲ್ಲಿ ನೋಡುವ ವೀಕ್ಷಣಾಲಯ ಬಾಹ್ಯಾಕಾಶದಲ್ಲಿ ಇಲ್ಲ. ನಾಸಾ 2024ರಲ್ಲಿ ಹೆಚ್ಚಿನ ಅಧ್ಯಯನಕ್ಕೆ ಆರಿಸಿಕೊಂಡ ಎರಡು ಯೋಜನೆಗಳಲ್ಲಿ ದೂರದ ಅವಗೆಂಪಿಗೆಂದೇ ರೂಪಿಸಿದ ಪ್ರೈಮಾ ಒಂದು. ಅದು ಹಾರಲೇಬೇಕು.