ಟೋಪಿಗಳ ಮೇಲೆ ಯಂತ್ರ ಕಸೂತಿ: ಸೂಜಿ ಮುರಿಯಲು ಕಾರಣಗಳು ಹಾಗೂ ಪರಿಹಾರ ಕ್ರಮಗಳು

2008ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವೂ ಸೇರಿದಂತೆ ವಿವಿಧ ಸಾಲ ಹಾಗೂ ಸಹಾಯಧನ ಯೋಜನೆಗಳಡಿ ಕಂಪ್ಯೂಟರ್ ಕಸೂತಿ ಘಟಕಗಳನ್ನು ಸ್ಥಾಪಿಸುವ ಸಣ್ಣ ಉದ್ಯಮಿಗಳಿಗೆ ಟೋಪಿಗಳ ಮೇಲೆ ಹೆಸರು ಹಾಗೂ ಲಾಂಛನ ಮೂಡಿಸುವುದು ಆದಾಯ ತರುವ ಕೆಲಸವಾಗಿದೆ. ಶಾಲೆಗಳು, ಕ್ರೀಡಾಕೂಟಗಳು, ಭದ್ರತಾ ಸಂಸ್ಥೆಗಳು ಇಂತಹ ಟೋಪಿಗಳನ್ನು ಒಂದೇ ಬಾರಿಗೆ ನೂರಾರು ಸಂಖ್ಯೆಯಲ್ಲಿ ಕೇಳುತ್ತವೆ. ಆದರೆ ಅಂಗಿಯ ಜೇಬಿನ ಮೇಲೆ ದಿನವಿಡೀ ತೊಂದರೆಯಿಲ್ಲದೆ ಹೊಲಿಯುವ ಯಂತ್ರವೇ ಟೋಪಿ ಏರಿಸಿದೊಡನೆ ಸೂಜಿ ಮುರಿಯತೊಡಗುವುದು ಈ ಉದ್ಯೋಗದಲ್ಲಿ ಸಾಮಾನ್ಯ ಅನುಭವ. ಸೂಜಿಯ ಬೆಲೆ ಅಲ್ಪವಾದರೂ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಟೋಪಿ ಹಾಳಾಗುತ್ತದೆ, ಸರಬರಾಜಿನ ದಿನ ತಪ್ಪುತ್ತದೆ, ಸಾಲದ ಕಂತಿಗೆ ಎತ್ತಿಡಬೇಕಾದ ಹಣ ಕರಗುತ್ತದೆ. ಬಕ್ರಂ ಪದರದಲ್ಲಿ ಉಳಿದ ಸೂಜಿಯ ತುಣುಕು ಧರಿಸುವವರ ಹಣೆಗೆ ಗಾಯ ಮಾಡಬಲ್ಲದು.

ಸೂಜಿ ಮುರಿದಾಗ ಸೂಜಿಯನ್ನೇ ದೂಷಿಸಿ ಬೇರೆ ಕಂಪನಿಯ ಸೂಜಿ ತರಿಸುವುದು ವಾಡಿಕೆ. ಬಹುತೇಕ ಸಂದರ್ಭಗಳಲ್ಲಿ ದೋಷವಿರುವುದು ಟೋಪಿಯನ್ನು ಹಿಡಿದಿರುವ ರೀತಿಯಲ್ಲಿ. ಬಟ್ಟೆಯು ನೀಡಲ್ ಪ್ಲೇಟಿನ ಮೇಲೆ ಸಮತಟ್ಟಾಗಿ ಕುಳಿತಿರುತ್ತದೆ. ಟೋಪಿ ಬಾಗಿದ ವಸ್ತುವಾದ್ದರಿಂದ ಹಾಗೆ ಕೂರುವುದಿಲ್ಲ. ಪ್ಲೇಟಿಗೂ ಟೋಪಿಗೂ ನಡುವೆ ಅಂತರವಿದ್ದರೆ ಸೂಜಿ ಇಳಿದಾಗ ಟೋಪಿ ಕೆಳಕ್ಕೆ ಕುಗ್ಗಿ, ಸೂಜಿ ಮೇಲೇರುವಾಗ ಅದರೊಡನೆ ಮೇಲಕ್ಕೆ ಪುಟಿಯುತ್ತದೆ. ಸೂಜಿ ಇನ್ನೂ ಒಳಗಿರುವಾಗಲೇ ಫ್ರೇಮ್ ಮುಂದಿನ ಹೊಲಿಗೆಗೆ ಸರಿದರೆ ಸೂಜಿ ಓರೆಯಾಗಿ ಬಾಗುತ್ತದೆ. ಬಾಗಿದ ಸೂಜಿ ಪ್ಲೇಟಿನ ರಂಧ್ರದ ಅಂಚಿಗೋ ಕೆಳಗಿನ ಹುಕ್ಕಿಗೋ ಬಡಿದು ಮುರಿಯುತ್ತದೆ. ನಿಮಿಷಕ್ಕೆ 700 ಹೊಲಿಗೆ ಎಂದರೆ ಸೆಕೆಂಡಿಗೆ ಸುಮಾರು 12 ಬಾರಿ ಈ ಅಪಾಯ ಎದುರಾಗುತ್ತದೆ.

ಮೊದಲು ಗಮನಿಸತಕ್ಕದ್ದು: ಎಲ್ಲಿ ಮುರಿಯಿತು?

ಪ್ರತಿ ಬಾರಿ ಸೂಜಿ ಮುರಿದಾಗಲೂ ಸೂಜಿಯ ಸಂಖ್ಯೆ, ವಿನ್ಯಾಸದ ಯಾವ ಭಾಗ, ಟೋಪಿಯ ಯಾವ ಜಾಗ ಎಂಬ ಮೂರು ಅಂಶಗಳನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಹತ್ತು ಬಾರಿಯ ದಾಖಲೆ ನೋಡಿದರೆ ಕಾರಣ ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ. ಬೇರೆ ಬೇರೆ ಟೋಪಿಗಳಲ್ಲಿಯೂ ವಿನ್ಯಾಸದ ಅದೇ ಅಕ್ಷರದಲ್ಲಿ ಮುರಿಯುತ್ತಿದ್ದರೆ ವಿನ್ಯಾಸದ ಕಡತವನ್ನು ಪರಿಶೀಲಿಸಬೇಕು. ಬಹುಸೂಜಿ ಯಂತ್ರದಲ್ಲಿ ಒಂದೇ ಸಂಖ್ಯೆಯ ಸೂಜಿ ಮಾತ್ರ ಮುರಿಯುತ್ತಿದ್ದರೆ ಆ ಸೂಜಿದಂಡದ ಜೋಡಣೆ ತಪ್ಪಿರುತ್ತದೆ. ನಡುಹೊಲಿಗೆಯ ಮೇಲೆ ಮಾತ್ರ ಮುರಿದರೆ ಟೋಪಿಯ ದಪ್ಪ ಕಾರಣ. ಎಡಬಲದ ಕೊನೆಗಳಲ್ಲಿ ಮುರಿದರೆ ಟೋಪಿ ಅಲ್ಲಿ ಸಡಿಲವಾಗಿದೆ ಅಥವಾ ಫ್ರೇಮನ್ನು ತಿರುಗಿಸುವ ಭಾಗ ಸರಿಯಾಗಿ ಕೂತಿಲ್ಲ ಎಂದು ತಿಳಿಯಬೇಕು.

ಇನ್ನೊಂದು ಸುಲಭ ಪರೀಕ್ಷೆಯೂ ಇದೆ. ಅದೇ ವಿನ್ಯಾಸವನ್ನು, ಅದೇ ಸೂಜಿಯಿಂದ, ಅದೇ ವೇಗದಲ್ಲಿ ಎರಡು ಪದರ ದಪ್ಪ ಬಟ್ಟೆಯ ಮೇಲೆ ಚಪ್ಪಟೆ ಫ್ರೇಮಿನಲ್ಲಿ ಹೊಲಿದು ನೋಡಬೇಕು. ಅಲ್ಲಿಯೂ ಮುರಿದರೆ ಮೆಕ್ಯಾನಿಕ್ಕನ್ನು ಕರೆಸುವುದು ಸೂಕ್ತ. ಅಲ್ಲಿ ಮುರಿಯದಿದ್ದರೆ ಮೆಕ್ಯಾನಿಕ್‌ಗೆ ಹಣ ಕೊಡುವ ಮುನ್ನ ಟೋಪಿ ಏರಿಸುವ ಕ್ರಮವನ್ನು ತಿದ್ದಿಕೊಳ್ಳತಕ್ಕದ್ದು.

ಟೋಪಿಯನ್ನು ಫ್ರೇಮಿಗೆ ಏರಿಸುವ ಕ್ರಮ

ಒಳಗಿನ ಬೆವರುಪಟ್ಟಿಯನ್ನು ಪೂರ್ತಿಯಾಗಿ ಹೊರಕ್ಕೆ ಮಡಚಿ ಹೊಲಿಗೆಯ ದಾರಿಯಿಂದ ದೂರ ಸರಿಸಬೇಕು. ಪಟ್ಟಿಯ ಒಂದು ಮಡಿಕೆ ಕೆಳಗೆ ಸಿಕ್ಕಿಕೊಂಡರೂ ಸೂಜಿಗೆ ಅನಿರೀಕ್ಷಿತ ದಪ್ಪ ಎದುರಾಗುತ್ತದೆ. ಬಳಿಕ ಟೋಪಿಯ ನಡುಹೊಲಿಗೆಯನ್ನು ಫ್ರೇಮಿನ ಮಧ್ಯಗುರುತಿಗೆ ಹೊಂದಿಸಿ, ಹಲ್ಲುಗಳಿರುವ ಲೋಹಪಟ್ಟಿಯನ್ನು ಮುಂಚಾಚು ಮತ್ತು ಟೋಪಿ ಸೇರುವ ಮೂಲೆಯಲ್ಲಿಯೇ ಕೂರಿಸಿ ಬಿಗಿಯಬೇಕು. ಪಟ್ಟಿ ಮೇಲಕ್ಕೆ ಜಾರಿದ್ದರೆ ವಿನ್ಯಾಸದ ಕೆಳ ಅಂಚು ಹೊಲಿಯುವಾಗ ಸೂಜಿ ನೇರವಾಗಿ ಲೋಹಕ್ಕೆ ಬಡಿಯುತ್ತದೆ. ಕೊನೆಗೆ ಹಿಂಭಾಗದ ಬಟ್ಟೆಯನ್ನು ಎರಡೂ ಕಡೆ ಸಮನಾಗಿ ಎಳೆದು ಕ್ಲಿಪ್ ಹಾಕಬೇಕು. ಬೆರಳಿನಿಂದ ಒತ್ತಿದಾಗ ಟೋಪಿಯ ಮುಂಭಾಗ ಒಳಕ್ಕೆ ಕುಗ್ಗಿ ಪುಟಿದರೆ ಬಿಗಿ ಸಾಲದು ಎಂದರ್ಥ. ಅಂತಹ ಟೋಪಿಯನ್ನು ಬಿಚ್ಚಿ ಮತ್ತೆ ಏರಿಸತಕ್ಕದ್ದು. ಸರಿಯಾಗಿ ಏರಿಸಲು ಮೊದಮೊದಲು ಎರಡು ಮೂರು ನಿಮಿಷ ಹಿಡಿಯಬಹುದು. ಆತುರಪಡುವ ಘಟಕಗಳಲ್ಲಿ ಇದಕ್ಕಿಂತ ಹೆಚ್ಚಿನ ಸಮಯ ಸೂಜಿ ಬದಲಿಸುವುದರಲ್ಲಿಯೇ ಕಳೆಯುತ್ತದೆ.

ಒಳಗೆ ಬಕ್ರಂ ಇಲ್ಲದ ಮೆದು ಟೋಪಿಗಳಿಗೆ ಹರಿದು ತೆಗೆಯಬಹುದಾದ ಬ್ಯಾಕಿಂಗ್ ಕಾಗದವನ್ನು ಒಳಗಿಡುವುದು ಅವಶ್ಯ. ಬಕ್ರಂ ಇರುವ ಗಟ್ಟಿ ಟೋಪಿಗಳಲ್ಲಿಯೂ ಬ್ಯಾಕಿಂಗ್ ಇಟ್ಟರೆ ಪ್ಲೇಟಿಗೂ ಟೋಪಿಗೂ ನಡುವಿನ ಅಂತರ ಸ್ವಲ್ಪ ತುಂಬಿ ಪುಟಿತ ಕಡಿಮೆಯಾಗುತ್ತದೆ. ಪ್ರತಿ ಟೋಪಿಗೂ ಹೊಲಿಗೆ ಆರಂಭಿಸುವ ಮುನ್ನ ಯಂತ್ರದ ಟ್ರೇಸ್ ಸೌಲಭ್ಯದಿಂದ ವಿನ್ಯಾಸದ ಸುತ್ತಳತೆಯನ್ನು ಒಮ್ಮೆ ಓಡಿಸಿ, ಸೂಜಿ ಎಲ್ಲಿಯೂ ಲೋಹಪಟ್ಟಿಗೆ ತಗಲುವುದಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು.

ನಡುಹೊಲಿಗೆ ಮತ್ತು ವಿನ್ಯಾಸ

ಆರು ತುಂಡುಗಳಿಂದ ಹೊಲಿದ ಟೋಪಿಯ ಮುಂಭಾಗದ ನಟ್ಟನಡುವೆ ಜೋಡಣೆಯ ಹೊಲಿಗೆ ಬರುತ್ತದೆ. ಅಲ್ಲಿ ಬಟ್ಟೆಯ ಮಡಿಕೆಗಳು, ಬಕ್ರಂ, ಒಳಗಿನ ಪಟ್ಟಿ ಎಲ್ಲವೂ ಒಂದರ ಮೇಲೊಂದು ಸೇರಿರುತ್ತವೆ. ಲಾಂಛನದ ಮಧ್ಯಭಾಗವೂ ಅಲ್ಲಿಯೇ ಬೀಳುವುದರಿಂದ ಅತಿ ಹೆಚ್ಚು ಸೂಜಿಗಳು ಮುರಿಯುವ ಸ್ಥಳ ಇದಾಗಿದೆ. ಐದು ತುಂಡುಗಳ ಟೋಪಿಯಲ್ಲಿ ಈ ಹೊಲಿಗೆ ಇರುವುದಿಲ್ಲ. ಗ್ರಾಹಕರ ಒಪ್ಪಿಗೆಯಿದ್ದಲ್ಲಿ ಅದನ್ನೇ ಆಯ್ದುಕೊಳ್ಳುವುದು ಲೇಸು. ಇಲ್ಲವಾದರೆ ನಡುಹೊಲಿಗೆಗೆ ಹಬೆ ತೋರಿಸಿ ಬಕ್ರಮನ್ನು ಮೆದುಗೊಳಿಸಬಹುದು, ಅಥವಾ ಮರದ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಚಪ್ಪಟೆ ಮಾಡಬಹುದು. ಹೊಲಿಗೆಗುಂಟ ನೇರವಾಗಿ ಇಳಿಯುವ ಕಿರಿದಾದ ಗೆರೆ ವಿನ್ಯಾಸದಲ್ಲಿದ್ದರೆ ಅದನ್ನು ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಸರಿಸುವುದು ಉತ್ತಮ.

ಅಂಗಿಗಾಗಿ ತಯಾರಿಸಿದ ಕಡತವನ್ನೇ ಟೋಪಿಗೂ ಬಳಸುವುದು ಇನ್ನೊಂದು ಮುಖ್ಯ ಕಾರಣ. ಟೋಪಿಯ ವಿನ್ಯಾಸವು ಕೆಳಗಿನಿಂದ ಮೇಲಕ್ಕೆ, ನಡುವಿನಿಂದ ಎರಡೂ ಬದಿಗೆ ಸಾಗುವಂತಿರಬೇಕು. ಎಡದಿಂದ ಬಲಕ್ಕೆ ಒಂದೇ ಸಮನೆ ಹೊಲಿದರೆ ಬಟ್ಟೆಯ ಸಡಿಲವೆಲ್ಲ ಮುಂದೆ ತಳ್ಳಿಕೊಂಡು ಹೋಗಿ ನಡುವಿನಲ್ಲಿ ಉಬ್ಬುತ್ತದೆ. ಒಂದು ಮಿಲಿಮೀಟರಿಗಿಂತ ಚಿಕ್ಕ ಹೊಲಿಗೆಗಳು ಒಂದೇ ಕಡೆ ರಾಶಿಬಿದ್ದರೆ ದಾರವೇ ಗಟ್ಟಿಯಾದ ಗಂಟಾಗಿ ಸೂಜಿಯನ್ನು ಓರೆ ಮಾಡುತ್ತದೆ. ಸಣ್ಣ ಅಕ್ಷರಗಳಲ್ಲಿ ಹಾಗೂ ಬಣ್ಣದ ಮೇಲೆ ಬಣ್ಣ ಬರುವ ಕಡೆಗಳಲ್ಲಿ ಇದು ಹೆಚ್ಚು. ಕನ್ನಡದ ಒತ್ತಕ್ಷರಗಳನ್ನು ಕಿರಿದಾಗಿ ಹೊಲಿಸುವಾಗ ಈ ತೊಂದರೆ ಎದುರಾಗುವುದು ಸಹಜ. ಒತ್ತಿನ ಸುರುಳಿ ಸ್ಪಷ್ಟವಾಗಿ ಬಿಡಿಸಿಕೊಳ್ಳುವಷ್ಟು ಅಕ್ಷರವನ್ನು ದೊಡ್ಡದು ಮಾಡುವಂತೆ ಗ್ರಾಹಕರಿಗೆ ಮೊದಲೇ ತಿಳಿಸತಕ್ಕದ್ದು.

ಸೂಜಿ, ವೇಗ ಮತ್ತು ಯಂತ್ರ

ಅಂಗಿ ಬಟ್ಟೆಗೆ ಬಳಸುವ 75/11 ಸೂಜಿಯ ದಪ್ಪ 0.75 ಮಿ.ಮೀ.; 80/12 ಸೂಜಿಯದು 0.80 ಮಿ.ಮೀ. ವ್ಯತ್ಯಾಸ ಕೂದಲೆಳೆಯಷ್ಟಾದರೂ ಬಾಗುವಿಕೆಗೆ ಒಡ್ಡುವ ತಡೆ ಕಾಲುಭಾಗದಷ್ಟು ಹೆಚ್ಚುತ್ತದೆ. ಆದ್ದರಿಂದ ಗಟ್ಟಿ ಟೋಪಿಗಳಿಗೆ ಚೂಪುಮೊನೆಯ 80/12 ಸೂಜಿ ಸೂಕ್ತ. ಸೂಜಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ, ಉದ್ದನೆಯ ಗೀರು ಮುಂದಕ್ಕೆ ಬರುವಂತೆ ಕೂರಿಸಿ ತಿರುಪು ಬಿಗಿಯಬೇಕು. ವೇಗವನ್ನು ನಿಮಿಷಕ್ಕೆ 600ರಿಂದ 700 ಹೊಲಿಗೆಗಳಿಗೆ ಇಳಿಸುವುದು ಒಳಿತು. ಮೇಲಿನ ದಾರ ಅತಿ ಬಿಗಿಯಾಗಿದ್ದರೆ ಸೂಜಿಯನ್ನು ಎಳೆದು ಬಾಗಿಸುತ್ತದೆ. ಬಾಬಿನ್ ಕೇಸ್ 'ಟಕ್' ಎಂದು ಕೂರದಿದ್ದರೆ ಮೊದಲ ಹೊಲಿಗೆಯಲ್ಲಿಯೇ ಸೂಜಿ ಹೋಗುತ್ತದೆ. ಹುಕ್ಕಿನ ಟೈಮಿಂಗ್ ಹಾಗೂ ಸೂಜಿದಂಡದ ಎತ್ತರವನ್ನು ತರಬೇತಿ ಪಡೆದ ಮೆಕ್ಯಾನಿಕ್ ಹೊರತು ಬೇರೆಯವರು ಮುಟ್ಟಬಾರದು.

ಮುರಿದ ತುಣುಕುಗಳ ವಿಲೇವಾರಿ

ಸೂಜಿ ಮುರಿದ ಕೂಡಲೇ ಯಂತ್ರ ನಿಲ್ಲಿಸಿ ಎಲ್ಲ ತುಣುಕುಗಳನ್ನು ಹುಡುಕಿ, ಹೊಸ ಸೂಜಿಯ ಪಕ್ಕದಲ್ಲಿಟ್ಟು ಉದ್ದ ಹೊಂದುವುದೇ ಎಂದು ನೋಡತಕ್ಕದ್ದು. ಹುಕ್ಕಿನ ಸುತ್ತ ಉಳಿದ ಚೂರು ಮುಂದಿನ ಸೂಜಿಯನ್ನೂ ಮುರಿಯುತ್ತದೆ. ಪ್ಲೇಟಿನ ರಂಧ್ರಕ್ಕೆ ಬಿದ್ದ ಗೀಚು ದಾರವನ್ನು ಕತ್ತರಿಸುತ್ತದೆ. ಮೊನೆ ಸಿಗದಿದ್ದಲ್ಲಿ ಆ ಟೋಪಿಯನ್ನು ಯಾವ ಕಾರಣಕ್ಕೂ ಗ್ರಾಹಕರಿಗೆ ನೀಡಬಾರದು. ಆಯಸ್ಕಾಂತದಿಂದ ಹುಡುಕಬಹುದಾದರೂ ಬಕ್ರಂ ನಡುವೆ ಸಿಕ್ಕಿಕೊಂಡ ಚೂರು ಅದಕ್ಕೆ ಅಂಟಿ ಬರುವ ಭರವಸೆಯಿಲ್ಲ. ಮುರಿದ ಮೊನೆ ಮುಖದತ್ತ ಸಿಡಿಯುವುದರಿಂದ ಕೆಲಸಗಾರರಿಗೆ ಕಣ್ಣಿನ ರಕ್ಷಣಾ ಕನ್ನಡಕ ಒದಗಿಸುವುದು ಮಾಲೀಕರ ಹೊಣೆ.

ಅರ್ಜಿದಾರರ ಗಮನಕ್ಕೆ

ಸಾಲ ಅಥವಾ ಸಹಾಯಧನಕ್ಕೆ ಅರ್ಜಿ ಸಲ್ಲಿಸುವವರು ಯಂತ್ರದ ದರಪಟ್ಟಿ ಪಡೆಯುವಾಗ ಟೋಪಿ ಫ್ರೇಮ್, ಅದನ್ನು ತಿರುಗಿಸುವ ಭಾಗ ಹಾಗೂ ಟೋಪಿ ಏರಿಸುವ ಮೇಜಿನ ಜೋಡಣೆ ಬೆಲೆಯಲ್ಲಿ ಸೇರಿದೆಯೇ ಎಂದು ಲಿಖಿತವಾಗಿ ಕೇಳತಕ್ಕದ್ದು. ಇವು ಪ್ರತ್ಯೇಕ ಬೆಲೆಯವಾಗಿದ್ದು ಯೋಜನಾ ವರದಿಯಲ್ಲಿ ಬಿಟ್ಟುಹೋದರೆ ಕೈಯಿಂದ ಹಣ ಹಾಕಬೇಕಾಗುತ್ತದೆ. ಎರಡು ಫ್ರೇಮ್‌ಗಳಿದ್ದಲ್ಲಿ ಒಂದು ಯಂತ್ರದಲ್ಲಿ ಹೊಲಿಯುತ್ತಿರುವಾಗ ಮತ್ತೊಂದಕ್ಕೆ ನಿಧಾನವಾಗಿ ಟೋಪಿ ಏರಿಸಬಹುದು. ಯಂತ್ರ ಅಳವಡಿಸುವ ದಿನ ಮಾರಾಟಗಾರರ ತಂತ್ರಜ್ಞರು ನಡುಹೊಲಿಗೆ ಇರುವ ಗಟ್ಟಿ ಟೋಪಿಯ ಮೇಲೆಯೇ, ಘಟಕದ ಕೆಲಸಗಾರರ ಎದುರು, ಕನಿಷ್ಠ ಐದಾರು ಟೋಪಿಗಳನ್ನು ಹೊಲಿದು ತೋರಿಸಿದ ನಂತರವೇ ಅಳವಡಿಕೆಯ ಪತ್ರಕ್ಕೆ ಸಹಿ ಮಾಡತಕ್ಕದ್ದು.