ಹಳೇ ವಾಲ್ವ್ ರೇಡಿಯೋದಲ್ಲಿ ‘ಕೆಂಪು ಪಾದರಸ’ ಇದೆಯೇ?

‘ಅಜ್ಜನ ಕಾಲದ ರೇಡಿಯೋ ಎಸೆಯಬೇಡಿ. ಅದರ ವಾಲ್ವ್‌ನಲ್ಲಿ ಕೆಂಪು ಪಾದರಸ ಇದೆ, ಲಕ್ಷಗಟ್ಟಲೆ ಬೆಲೆ!’ ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ನಿಜವೇ? ಖಂಡಿತ ಅಲ್ಲ. ಯಾಕೆ ಅಂತ ತಿಳಿಯಲು, ಒಂದು ಕಾಲದಲ್ಲಿ ಹುಡುಗರು ಮನೆಯಲ್ಲೇ ಹವ್ಯಾಸಕ್ಕೆಂದು ಕಟ್ಟುತ್ತಿದ್ದ ಒಂದೇ ವಾಲ್ವ್‌ನ ರೇಡಿಯೋವನ್ನು ನಾವು ಬಿಡಿಸಿ ನೋಡೋಣ.

ವಾಲ್ವ್ ಅಂದರೇನು?

ಗಾಳಿ ತೆಗೆದ ಗಾಜಿನ ಬುರುಡೆ, ಅಷ್ಟೇ. ಒಳಗೆ ಬಿಸಿಯಾಗುವ ಫಿಲಮೆಂಟ್, ಅದರಿಂದ ಹೊರಟ ಎಲೆಕ್ಟ್ರಾನ್‌ಗಳನ್ನು ಸೆಳೆಯುವ ಪ್ಲೇಟ್. 1904ರಲ್ಲಿ ಫ್ಲೆಮಿಂಗ್ ಇದನ್ನು ಮಾಡಿದರು. 1906ರಲ್ಲಿ ಲೀ ಡಿ ಫಾರೆಸ್ಟ್ ನಡುವೆ ಗ್ರಿಡ್ ಎಂಬ ಜಾಲರಿ ಸೇರಿಸಿದರು. ನಲ್ಲಿಯನ್ನು ಸ್ವಲ್ಪ ತಿರುಗಿಸಿದರೆ ನೀರಿನ ಹರಿವು ಬದಲಾಗುವಂತೆ, ಗ್ರಿಡ್‌ಗೆ ಬಂದ ಸಣ್ಣ ಸಂಕೇತ ದೊಡ್ಡ ಕರೆಂಟನ್ನು ನಿಯಂತ್ರಿಸುತ್ತದೆ.

ಮನೆಯಲ್ಲಿ ಹೇಗೆ ಕಟ್ಟುತ್ತಿದ್ದರು?

ರಟ್ಟಿನ ಕೊಳವೆಗೆ ತಾಮ್ರದ ತಂತಿ ಸುತ್ತಿದರೆ ಕಾಯಿಲ್ ಸಿದ್ಧ. ಸ್ಟೇಷನ್ ಹಿಡಿಯಲು ಗ್ಯಾಂಗ್ ಕಂಡೆನ್ಸರ್, ಕೇಳಲು ಹೆಡ್‌ಫೋನ್, ಮಾಡಿನಿಂದ ಮರಕ್ಕೆ ಎಳೆದ ಏರಿಯಲ್ ತಂತಿ. ಫಿಲಮೆಂಟ್‌ಗೆ ಒಂದು ಸಣ್ಣ ಬ್ಯಾಟರಿ, ಪ್ಲೇಟ್‌ಗೆ 45ರಿಂದ 90 ವೋಲ್ಟಿನ ಇನ್ನೊಂದು ಬ್ಯಾಟರಿ. ಪ್ಲೇಟ್‌ನ ಸಂಕೇತವನ್ನು ಇನ್ನೊಂದು ಕಾಯಿಲ್ ಮೂಲಕ ಮತ್ತೆ ಗ್ರಿಡ್‌ಗೇ ಕೊಡುವ ವಿಧಾನಕ್ಕೆ ಆರ್ಮ್‌ಸ್ಟ್ರಾಂಗ್ 1914ರಲ್ಲಿ ಪೇಟೆಂಟ್ ಪಡೆದರು. ಇದರಿಂದ ಒಂದೇ ವಾಲ್ವ್‌ನಲ್ಲಿ ದೂರದ ಸ್ಟೇಷನ್‌ಗಳೂ ಕೇಳುತ್ತಿದ್ದವು. ಸ್ವಲ್ಪ ಹೆಚ್ಚು ತಿರುಗಿಸಿದರೆ ಮಾತ್ರ ಕಿರ್ರೆಂದು ಕೂಗಿ, ಪಕ್ಕದ ಮನೆಯ ರೇಡಿಯೋವನ್ನೂ ಕೆಡಿಸುತ್ತಿತ್ತು! ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆರಂಭಿಸಿದ ‘ಆಕಾಶವಾಣಿ’ ಕೂಡ ವಾಲ್ವ್‌ಗಳಿಂದಲೇ ನಡೆದದ್ದು. ಟ್ರಾನ್ಸಿಸ್ಟರ್ ಬಂದದ್ದು 1947ರಲ್ಲಿ.

ಈ ಪಟ್ಟಿಯಲ್ಲಿ ಪಾದರಸ ಎಲ್ಲೂ ಇಲ್ಲ, ಗಮನಿಸಿದಿರಾ?

ಹಾಗಾದರೆ ಒಳಗಿನ ಹೊಳಪು ಏನು?

ಗಾಜಿನ ಒಳಬದಿಯ ಬೆಳ್ಳಿಯಂಥ ಲೇಪ ಸಾಮಾನ್ಯವಾಗಿ ಬೇರಿಯಂ. ಉಳಿದ ಅಲ್ಪಸ್ವಲ್ಪ ಅನಿಲವನ್ನು ಹೀರುವುದು ಅದರ ಕೆಲಸ. ಗಾಳಿ ನುಗ್ಗಿದರೆ ಅದು ಬೆಳ್ಳಗಾಗುತ್ತದೆ, ವಾಲ್ವ್ ಕೆಟ್ಟಿತೆಂದೇ ಅರ್ಥ. ಕೆಂಪಗೆ ಕಾಣುವುದು ಕಾದ ಫಿಲಮೆಂಟ್. ದೊಡ್ಡ ಟ್ರಾನ್ಸ್‌ಮಿಟರ್‌ಗಳ ಕೆಲವು ವಿಶೇಷ ವಾಲ್ವ್‌ಗಳಲ್ಲಿ ಪಾದರಸ ಇತ್ತು ನಿಜ, ಆದರೆ ಅದು ಮಾಮೂಲಿ ಪಾದರಸ, ವಿಷಕಾರಿ. ಫಾರ್ವರ್ಡ್‌ಗಳು ಹೇಳುವಂಥ ಲಕ್ಷಗಟ್ಟಲೆ ಬೆಲೆಯ ‘ಕೆಂಪು ಪಾದರಸ’ ಎಂಬ ವಸ್ತು ಇದೆ ಎಂದು ಯಾರೂ ಸಾಬೀತು ಮಾಡಿಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ವದಂತಿ ಹಳೇ ಹೊಲಿಗೆ ಯಂತ್ರಗಳ ಬಗ್ಗೆ ಹಬ್ಬಿತ್ತು.

ಬಿಚ್ಚುವ ಮುನ್ನ ಎಚ್ಚರ

ಮನೆಯ ಕರೆಂಟಿನಲ್ಲಿ ನಡೆಯುವ ವಾಲ್ವ್ ರೇಡಿಯೋ ಒಳಗೆ 200 ವೋಲ್ಟಿಗೂ ಹೆಚ್ಚು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ನಲ್ಲಿ ಚಾರ್ಜ್ ಉಳಿದು ಶಾಕ್ ಹೊಡೆಯಬಹುದು. ಆದ್ದರಿಂದ ಪಾದರಸ ಹುಡುಕಲು ಹೋಗಿ ಜೀವಕ್ಕೆ ಅಪಾಯ ತಂದುಕೊಳ್ಳಬೇಡಿ. ‘ನಿಮ್ಮ ರೇಡಿಯೋ ಕೊಳ್ಳುತ್ತೇವೆ, ಮೊದಲು ಪರೀಕ್ಷೆಯ ಶುಲ್ಕ ಕಳಿಸಿ’ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅಜ್ಜನ ರೇಡಿಯೋ ಇದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ. ಒಡೆದ ವಾಲ್ವ್‌ಗೆ ಬೆಲೆಯಿಲ್ಲ, ಹಾಡುವ ರೇಡಿಯೋಗೆ ಇದೆ.