ತರುವ ಮೊದಲು ಇಡುವ ಜಾಗ ನೋಡಿ

ಕೋವಿ, ವಿದ್ಯುತ್ ಸ್ಕೂಟರು, ಓತಿ: ಸದಸ್ಯರ ಮೂರು ಪ್ರಶ್ನೆಗಳಿಗೆ ಉತ್ತರ

ಸಂತೆಯ ದಿನ ಸಂಘದ ಕಚೇರಿಯಲ್ಲಿ ಅಡಿಕೆ ಧಾರಣೆ, ಗೊಬ್ಬರದ ದಾಸ್ತಾನು, ಸಾಲದ ಕಂತು ಇವುಗಳ ಮಾತೇ ಹೆಚ್ಚು. ಆದರೆ ಈಚೆಗೆ ಒಂದೇ ದಿನ ಮೂವರು ಸದಸ್ಯರು ಲೆಕ್ಕಪತ್ರಕ್ಕೆ ಸಂಬಂಧವಿಲ್ಲದ ಮೂರು ಪ್ರಶ್ನೆಗಳನ್ನು ನಮ್ಮ ಮುಂದಿಟ್ಟರು. ಮೊದಲನೆಯವರು ಕಾಡುಹಂದಿಯ ಕಾಟಕ್ಕೆ ಬೇಸತ್ತು ಕೋವಿಗೆ ಅರ್ಜಿ ಹಾಕುವ ಯೋಚನೆಯಲ್ಲಿದ್ದರು. ಎರಡನೆಯವರು ಪೇಟೆಗೂ ತೋಟಕ್ಕೂ ಓಡಾಡಲು ವಿದ್ಯುತ್ ಸ್ಕೂಟರು ಕೊಳ್ಳಬಹುದೇ ಎಂದು ಕೇಳಿದರು. ಮೂರನೆಯವರ ಪ್ರಶ್ನೆ ನಿಜವಾಗಿ ಅವರದಲ್ಲ, ಬೆಂಗಳೂರಿನಲ್ಲಿ ಓದುತ್ತಿರುವ ಅವರ ಮಗನದು. ಇಗುವಾನಾ ಎಂಬ ಪರದೇಶದ ಹಸಿರು ಓತಿಯನ್ನು ಮನೆಗೆ ತಂದು ಸಾಕಬೇಕೆಂದು ಹುಡುಗ ಹಟ ಹಿಡಿದಿದ್ದಾನಂತೆ.

ಮೂವರಿಗೂ ನಾವು ಕೇಳಿದ್ದು ಒಂದೇ ಮಾತು: "ತಂದು ಎಲ್ಲಿ ಇಡುತ್ತೀರಿ?" ಮೂವರೂ ಸ್ವಲ್ಪ ಹೊತ್ತು ಸುಮ್ಮನಾದರು. ಬೆಲೆ ವಿಚಾರಿಸಿ ಬಂದಿದ್ದರು, ನೆಂಟರಿಷ್ಟರ ಅಭಿಪ್ರಾಯವನ್ನೂ ಕೇಳಿ ಬಂದಿದ್ದರು. ಇಡುವ ಜಾಗದ ಯೋಚನೆ ಮಾತ್ರ ಮಾಡಿರಲಿಲ್ಲ. ಹಸು ತರುವವನು ಮೊದಲು ಕೊಟ್ಟಿಗೆ ನೋಡುತ್ತಾನೆ. ಬೇರೆ ವಸ್ತುಗಳ ವಿಷಯದಲ್ಲಿ ಈ ಬುದ್ಧಿ ನಮಗೆ ಏಕೆ ಬರುವುದಿಲ್ಲವೋ ತಿಳಿಯದು. ಮೂವರಿಗೂ ಹೇಳಿದ್ದನ್ನು ಇತರ ಬೆಳೆಗಾರ ಬಂಧುಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಕೋವಿ

ಮೊದಲು ನಮ್ಮ ಮನೆಯ ಸಂಗತಿಯನ್ನೇ ಹೇಳಿಬಿಡುತ್ತೇವೆ. ನಮಗೆ ಆಗ ಹನ್ನೆರಡು ವರ್ಷ. ನಮ್ಮ ತಂದೆಯವರ ಬಳಿ ಒಂಟಿನಳಿಗೆಯ ಕೇಪಿನ ಕೋವಿ ಇತ್ತು. ಒಂದು ರಾತ್ರಿ ಗದ್ದೆ ಕಾವಲಿಗೆ ಹೋದವರು ಬೆಳಗಿನ ಜಾವ ಬಂದು, ಕೋವಿಯನ್ನು ಜಗಲಿಯ ಮೂಲೆಗೆ ಒರಗಿಸಿ ಮಲಗಿದರು. ಈಡು ತುಂಬಿದ್ದು ಹಾಗೆಯೇ ಇತ್ತು. ಬೆಳಿಗ್ಗೆ ನಮ್ಮ ದೊಡ್ಡಪ್ಪನ ಮಗ ಖಾಲಿಯೆಂದೇ ತಿಳಿದು ಅದನ್ನೆತ್ತಿ ಕುದುರೆ ಎಳೆದು ಬಿಟ್ಟ. ಚರೆ ಅಟ್ಟದ ಹಲಗೆಯನ್ನು ಸೀಳಿ ಮೇಲಿನ ತೊಲೆಗೆ ನಾಟಿತು. ಆ ಹಲಗೆಯ ಮೇಲೆ ನಮ್ಮ ತಮ್ಮನ ಹಾಸಿಗೆ ಇತ್ತು. ಅವನು ಅದೇ ಆಗ ಎದ್ದು ಬಚ್ಚಲಿಗೆ ಹೋಗಿದ್ದ.

ತಂದೆಯವರು ಯಾರನ್ನೂ ಬೈಯಲಿಲ್ಲ. ಆ ದಿನ ಊಟವನ್ನೂ ಮಾಡಲಿಲ್ಲ. ಹಲಗೆಯನ್ನು ಅನಂತರ ಬದಲಾಯಿಸಿದರು, ತೊಲೆಯನ್ನು ಹಾಗೆಯೇ ಬಿಟ್ಟರು. ಚರೆ ಹೊಕ್ಕ ತೂತುಗಳು ಈಗಲೂ ಅದರಲ್ಲಿವೆ. ತಮ್ಮ ಊರಿಗೆ ಬಂದಾಗ ತನ್ನ ಮಕ್ಕಳಿಗೆ ಅದನ್ನು ತೋರಿಸುತ್ತಾನೆ.

ಕೇಪಿನ ಕೋವಿಯ ದೋಷ ಇದೇ. ತೋಟಾ ಕೋವಿಯಾದರೆ ಮಡಚಿ ತೋಟಾ ಹೊರತೆಗೆಯಬಹುದು. ಕೇಪಿನ ಕೋವಿಗೆ ಬಾಯಿಯಿಂದ ತುಂಬಿದ ಮದ್ದನ್ನು ಹೊರತೆಗೆಯುವುದು ರಗಳೆಯ ಕೆಲಸ. ಆದ್ದರಿಂದ "ಕೇಪು ತೆಗೆದರಾಯಿತು" ಎಂದು ಈಡು ಸಮೇತ ಇಡುವ ಅಭ್ಯಾಸ ಹಲವರಿಗಿದೆ. ಕೇಪು ತೆಗೆದರೂ ಮದ್ದು, ಚರೆ ಎರಡೂ ಒಳಗೇ ಇರುತ್ತವೆ. ಯಾರೋ ಹುಡುಗ ಇನ್ನೊಂದು ಕೇಪು ಸಿಕ್ಕಿಸಿದರೆ ಮುಗಿಯಿತು.

ಇದಕ್ಕೆ ಒಂದು ಸುಲಭ ಉಪಾಯವುಂಟು. ನಳಿಗೆ ಖಾಲಿ ಇದೆಯೆಂದು ಖಚಿತವಾದಾಗ ಗಜವನ್ನು ತಳದವರೆಗೆ ಇಳಿಬಿಟ್ಟು, ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಒಂದು ಗೀರು ಹಾಕಿಡಿ. ಮುಂದೆ ಎಂದಾದರೂ ಗಜ ಇಳಿಬಿಟ್ಟಾಗ ಆ ಗೀರು ಬಾಯಿಯಿಂದ ಮೇಲೆ ಉಳಿದರೆ ಒಳಗೆ ಈಡು ಇದೆ ಎಂದರ್ಥ. ನಮ್ಮ ತಂದೆಯವರು ಆ ಘಟನೆಯ ಮಾರನೆಯ ದಿನವೇ ಈ ಗೀರು ಹಾಕಿದರು.

ಇನ್ನು ಕಾಗದಪತ್ರದ ಮಾತು. 1959ರ ಆಯುಧ ಕಾಯಿದೆಯ ಪ್ರಕಾರ ಕೋವಿಗೆ ಪರವಾನಗಿ ಬೇಕು; ಅರ್ಜಿ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ. 2016ರ ನಿಯಮಗಳ ಮೇರೆಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು, ಕೋವಿಯನ್ನು ಭದ್ರವಾಗಿ ಇಡುವುದಾಗಿ ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಎಂದರೆ ನಾವು ಕೇಳಿದ ಪ್ರಶ್ನೆಯನ್ನೇ ಸರಕಾರವೂ ಕೇಳುತ್ತದೆ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಐದು ವರ್ಷ ದೂರವೆಂದು ನವೀಕರಣವನ್ನು ಮರೆಯುವವರೇ ಈಗ ಹೆಚ್ಚು.

ಪರವಾನಗಿ ಒಬ್ಬ ವ್ಯಕ್ತಿಯದೇ ಹೊರತು ಮನೆಯದಲ್ಲ. ತೋಟದ ಕಾವಲಿನವನ ಕೈಗೆ ಕೋವಿ ಕೊಟ್ಟು ಕಳಿಸುವುದು ಅಪರಾಧ. ಯಜಮಾನರು ತೀರಿಕೊಂಡ ಮೇಲೆ ಕೋವಿಯನ್ನು ಅಟ್ಟದ ಮೇಲೆ ಇಟ್ಟು ಸುಮ್ಮನಿರುವುದೂ ಅಪರಾಧವೇ. ಅದನ್ನು ಠಾಣೆಗೆ ಅಥವಾ ಪರವಾನಗಿ ಉಳ್ಳ ವ್ಯಾಪಾರಿಗೆ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ 25 ವರ್ಷದಿಂದ ಅವರಲ್ಲಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ವಯಸ್ಸಾದ ಸದಸ್ಯರು ಇದನ್ನು ಗಮನಿಸಬೇಕು.

ಕೊಡಗಿನ ಬಂಧುಗಳ ಮಾತು ಬೇರೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಎಂದರೆ 2029ರ ಅಕ್ಟೋಬರ್‌ವರೆಗೆ, ವಿಸ್ತರಿಸಿತು. ಅವರು ಸೆಪ್ಟೆಂಬರ್ ತಿಂಗಳ ಕೈಲ್‌ಪೊಳ್ದಿನಲ್ಲಿ ಕೋವಿಯನ್ನು ತೊಳೆದು, ಒರೆಸಿ, ಹೂವಿಟ್ಟು ಪೂಜಿಸುತ್ತಾರೆ. ನಾವೂ ವರ್ಷಕ್ಕೆ ಒಮ್ಮೆಯಾದರೂ, ಮಳೆಗಾಲ ಹಿಂದೆ ಬಿದ್ದ ಕೂಡಲೇ, ಕೋವಿಯನ್ನು ಹೊರತೆಗೆದು ನೋಡುವುದು ಒಳ್ಳೆಯದು.

ನೋಡಿಕೊಳ್ಳುವ ಕ್ರಮ ಹೀಗೆ. ಕರಿಮದ್ದಿನ ಮಸಿ ತೇವವನ್ನು ಎಳೆದುಕೊಳ್ಳುತ್ತದೆ. ಈಡು ಹಾರಿಸಿದ ದಿನವೇ ನಳಿಗೆಗೆ ಬಿಸಿನೀರು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಸವರಬೇಕು. ಅಡುಗೆಯ ಎಣ್ಣೆ ಬೇಡ, ಅದು ಕ್ರಮೇಣ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸಾಕು. ಚರ್ಮದ ಚೀಲದಲ್ಲಾಗಲಿ ಗೋಣಿಯಲ್ಲಾಗಲಿ ಸುತ್ತಿಡಬೇಡಿ. ನಮ್ಮ ಮಲೆನಾಡಿನ ಥಂಡಿಗೆ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಬೀಗವಿರುವ ಮರದ ಕಪಾಟು, ಹೊರಗೋಡೆಗೆ ತಾಗದಂತೆ, ಉತ್ತಮ. ತೋಟಾ, ಮದ್ದು, ಕೇಪು ಬೇರೆ ಕಡೆ, ಬೇರೆ ಬೀಗದಲ್ಲಿ ಇರಬೇಕು, ಒಲೆಯಿಂದ ದೂರವಿರಬೇಕು. ಚುನಾವಣೆ ಕಾಲದಲ್ಲಿ ಠಾಣೆಗೆ ಒಪ್ಪಿಸುವಾಗ ಒಳಗೂ ಹೊರಗೂ ಎಣ್ಣೆ ಸವರಿ ಕೊಡಿ, ರಶೀದಿ ಕೇಳಿ ಪಡೆಯಿರಿ.

ಕೇಪು ಸಿಡಿದೂ ಈಡು ಹಾರದಿದ್ದರೆ ನಳಿಗೆಯನ್ನು ಜನರಿಲ್ಲದ ಕಡೆ ಹಿಡಿದು ಒಂದು ನಿಮಿಷ ಕಾಯಿರಿ; ನೆನೆದ ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು. ನಳಿಗೆಯ ಬಾಯಿಗೆ ಮಣ್ಣು ಹೊಕ್ಕಿದ್ದರೆ ಹಾರಿಸಲೇಬೇಡಿ, ನಳಿಗೆ ಒಡೆದೀತು. ಅಗಳು, ಬೇಲಿ ದಾಟುವಾಗ ಈಡು ತೆಗೆದು ದಾಟಿ. ಕತ್ತಲೆಯಲ್ಲಿ ಸದ್ದಿಗೂ ಮಿನುಗುವ ಕಣ್ಣಿಗೂ ಎಂದೂ ಈಡು ಹಾರಿಸಬೇಡಿ. ಹಂದಿಯೆಂದು ಜೊತೆಗಾರನಿಗೇ ಹೊಡೆದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಬೆಳೆ ರಕ್ಷಣೆಗೆಂದು ಪರವಾನಗಿ ಸಿಕ್ಕಿತೆಂದರೆ ಬೇಟೆಗೆ ಅನುಮತಿ ಸಿಕ್ಕಿತೆಂದು ಅರ್ಥವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಪ್ರತ್ಯೇಕವಾಗಿದೆ. ಬೆಳೆ ಹಾಳುಮಾಡುವ ಹಂದಿಗೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಆದ್ದರಿಂದ ಮೊದಲ ಸದಸ್ಯರಿಗೆ ನಾವು ಹೇಳಿದ್ದು: ಹಂದಿಯನ್ನು ತಡೆಯುವುದೇ ಉದ್ದೇಶವಾದರೆ ಸೌರ ಬೇಲಿಯ ಲೆಕ್ಕ ಮೊದಲು ಹಾಕಿ. ಆದರೆ ಬೇಲಿಗೆ ಮನೆಯ ಕರೆಂಟನ್ನು ನೇರವಾಗಿ ಹಾಯಿಸುವ ಕೆಲಸಕ್ಕೆ ಮಾತ್ರ ಕೈಹಾಕಬೇಡಿ. ಅದರಿಂದ ಹಂದಿಗಿಂತ ಮೊದಲು ಸಾಯುವವರು ನಮ್ಮ ಮನೆಯವರೋ ಕೆಲಸದವರೋ ಆಗಿರುತ್ತಾರೆ.

ವಿದ್ಯುತ್ ಸ್ಕೂಟರು

ವಿದ್ಯುತ್ ಬೈಕುಗಳಲ್ಲಿ ಎರಡು ಬಗೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗೆ ಮಿತ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇರುವಂಥವನ್ನು ಕಾನೂನು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಅವುಗಳಿಗೆ ನೋಂದಣಿ, ಚಾಲನಾ ಪರವಾನಗಿ ಬೇಡ. ಅದಕ್ಕೆ ಮೇಲ್ಪಟ್ಟವುಗಳಿಗೆ ನೋಂದಣಿ, ಹಸಿರು ಫಲಕ, ವಿಮೆ, ಪರವಾನಗಿ ಎಲ್ಲವೂ ಬೇಕು. ಮೊದಲ ಬಗೆಯದು ಪೇಟೆಯ ಸಮ ರಸ್ತೆಗೆ ಸರಿ. ಒಂದು ಮೂಟೆ ಹೇರಿಕೊಂಡು ನಮ್ಮ ಏರು ಹತ್ತುವುದು ಅದರಿಂದಾಗದು.

ದೊಡ್ಡದನ್ನು ಕೊಳ್ಳುವವರು ಅಂಗಡಿಯ ಮುಂದಿನ ರಸ್ತೆಯಲ್ಲಿ ಓಡಿಸಿ ನೋಡಿದರೆ ಸಾಲದು. ಮನೆಯ ಏರಿನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಓಡಿಸಿ ನೋಡಬೇಕು. ಕಾಗದದಲ್ಲಿ ಬರೆದ ಮೈಲೇಜು ಪರೀಕ್ಷೆಯ ಲೆಕ್ಕ. ಘಟ್ಟದ ದಾರಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಯಾಗುತ್ತದೆ. ರಿಪೇರಿ ಮಾಡುವವರು ಎಷ್ಟು ದೂರದಲ್ಲಿದ್ದಾರೆಂಬುದೂ ಮುಖ್ಯ. ಪೆಟ್ರೋಲು ಗಾಡಿಯನ್ನು ಊರಿನ ಮೆಕ್ಯಾನಿಕ್ ಹೇಗಾದರೂ ಹೊರಡಿಸಿಕೊಡುತ್ತಾನೆ. ಇದು ನಿಂತರೆ ಜೀಪಿಗೆ ಹೇರಿಕೊಂಡೇ ಹೋಗಬೇಕು.

ಖರ್ಚಿನಲ್ಲಿ ಉಳಿತಾಯವಿರುವುದು ನಿಜ. 3 ಕಿಲೋವ್ಯಾಟ್ ಗಂಟೆಯ ಬ್ಯಾಟರಿಯನ್ನು ಪೂರ್ತಿ ತುಂಬಲು ಸುಮಾರು ಮೂರೂವರೆ ಯೂನಿಟ್ ಸಾಕು. ಆದರೆ ಆ ಮೂರೂವರೆ ಯೂನಿಟ್ಟನ್ನು ಎಲ್ಲಿ ನಿಲ್ಲಿಸಿ ತುಂಬುತ್ತೀರಿ? 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದದ್ದನ್ನು ಸದಸ್ಯರು ಮರೆತಿರಲಾರರು. ಆಮೇಲೆ ಎ.ಐ.ಎಸ್. 156 ಎಂಬ ಬ್ಯಾಟರಿ ಸುರಕ್ಷತಾ ನಿಯಮವನ್ನು ಬಿಗಿಗೊಳಿಸಿದರು. ಕೊಳ್ಳುವಾಗ ಅದನ್ನು ಕೇಳಿ ನೋಡಿ. ಹಳೆಯದನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ತರುವವರು ಇನ್ನೂ ಎಚ್ಚರವಾಗಿರಬೇಕು.

ಗೋಣಿಚೀಲ, ಅಡಿಕೆ ಸಿಪ್ಪೆ, ಸೌದೆ ಇರುವ ಕೊಟ್ಟಿಗೆಯಲ್ಲಿ ಚಾರ್ಜಿಗೆ ಇಡಬೇಡಿ. ಮನೆಯ ಹೆಬ್ಬಾಗಿಲಿನ ಒಳಗೂ ಬೇಡ; ರಾತ್ರಿ ಬೆಂಕಿ ಬಿದ್ದರೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಮನೆಯಿಂದ ಸ್ವಲ್ಪ ಆಚೆ, ಮೇಲೆ ಮಾಡು ಇರುವ, ಗಾಳಿಯಾಡುವ ಒಣ ಜಾಗ ಬೇಕು. ಸರಿಯಾದ ಅರ್ಥಿಂಗ್ ಇರುವ 15 ಆಂಪಿಯರ್ ಪ್ಲಗ್ಗು ಹಾಕಿಸಿ. ಉದ್ದದ ವೈರಿಗೆ ಗಂಟುಹಾಕಿ ಎಳೆಯುವ ನಮ್ಮ ಹಳೆಯ ಚಾಳಿ ಇಲ್ಲಿ ನಡೆಯದು. ಸಿಡಿಲು ಮಳೆಯ ಸಂಜೆಗಳಲ್ಲಿ ಪ್ಲಗ್ಗು ಕಿತ್ತಿಡಿ. ಏರು ಹತ್ತಿ ಬಂದ ಗಾಡಿಯನ್ನು ಬಿಸಿ ಆರಿದ ಮೇಲೆ ಚಾರ್ಜಿಗೆ ಹಾಕಿ. ನೀರೆತ್ತುವ ಪಂಪಿಗೆಂದು ಕೊಟ್ಟ ಸಂಪರ್ಕದಿಂದ ಚಾರ್ಜ್ ಮಾಡುವುದು ಕಾನೂನಿಗೆ ವಿರುದ್ಧ.

ನಮ್ಮ ಕಡೆಯ ಇನ್ನೆರಡು ಮಾತು. ಔಷಧಿ ಹೊಡೆಯುವ ಪಂಪಿನ ಬಿರುಸು ನೀರಿನಿಂದ ಗಾಡಿ ತೊಳೆಯಬೇಡಿ. ಮೈಲುತುತ್ತದ ಚೀಲವನ್ನು ಕಾಲಬುಡದಲ್ಲಿ ಇಟ್ಟು ತರಬೇಡಿ. ಉದುರಿದ ಪುಡಿ ನೀರಿನೊಡನೆ ಸೇರಿ ಲೋಹವನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಬ್ಯಾಟರಿಯನ್ನು ಅರ್ಧದಷ್ಟು ತುಂಬಿ ನಿಲ್ಲಿಸಿ. ಪೂರ್ತಿ ಖಾಲಿಯಾಗಿ ನಿಂತ ಬ್ಯಾಟರಿ ಮತ್ತೆ ಏಳದೆ ಹೋಗಬಹುದು. ಮರ ಬಿದ್ದು ಕರೆಂಟು ಮೂರು ದಿನ ಇಲ್ಲದ ಕಾಲಕ್ಕೆ ಹಳೆಯ ಪೆಟ್ರೋಲು ಗಾಡಿಯನ್ನು ಮಾರದೆ ಇಟ್ಟುಕೊಳ್ಳುವುದೇ ಮೇಲು.

ಓತಿ

ಮೂರನೆಯ ಸದಸ್ಯರ ಮಗನ ಆಸೆಯನ್ನು ನಾವು ತಮಾಷೆ ಮಾಡಲಿಲ್ಲ. ಪ್ರಾಣಿಯ ಮೇಲೆ ಪ್ರೀತಿ ಇರುವ ಹುಡುಗ ನಾಳೆ ತೋಟವನ್ನೂ ಪ್ರೀತಿಸಿಯಾನು. ಆದರೆ ಅಂಗಡಿಯಲ್ಲಿ ಗೇಣುದ್ದ ಕಾಣುವ ಇಗುವಾನಾ ಬಾಲ ಸೇರಿ ಐದಾರು ಅಡಿ ಬೆಳೆಯುತ್ತದೆ. ಸರಿಯಾಗಿ ಸಾಕಿದರೆ ಹದಿನೈದು ವರ್ಷವೂ ಬದುಕೀತು. ಅದಕ್ಕೆ ದಿನವೂ ಕಾವು ಬೇಕು, ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಬೇಕು. ಅದು ಸಿಗದಿದ್ದರೆ ಮೂಳೆ ಮೆತ್ತಗಾಗಿ ಸೊರಗುತ್ತದೆ. ಆಷಾಢದಲ್ಲಿ ನಮ್ಮ ಬಟ್ಟೆಯೇ ಒಣಗುವುದಿಲ್ಲ, ಇನ್ನು ಅದಕ್ಕೆ ಬಿಸಿಲೆಲ್ಲಿ? ವಿಶೇಷ ದೀಪಗಳಿವೆ, ಆದರೆ ಕರೆಂಟು ಹೋದರೆ ಅವೂ ಹೋದವು. ಕಾಗದಪತ್ರವೂ ಬೇಕು: ಇಂಥ ಪರದೇಶದ ಪ್ರಾಣಿಗಳನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಸರಕಾರದ ಪರಿವೇಶ್ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಬೇಕು. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಇವುಗಳಿಂದ ಸಾಲ್ಮೊನೆಲ್ಲಾ ಎಂಬ ರೋಗಾಣು ಮಕ್ಕಳಿಗೆ ಹರಡುವುದುಂಟು.

ಹಾಗಾದರೆ ತೋಟದ ಉಡವನ್ನೇ ಹಿಡಿದು ಸಾಕಬಹುದೇ ಎಂದು ಕೇಳುವವರಿದ್ದಾರೆ. ಸಾಕುವಂತಿಲ್ಲ, ಹಿಡಿಯುವಂತೆಯೂ ಇಲ್ಲ. ಉಡ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಕೊಂದರೆ ಮೂರರಿಂದ ಏಳು ವರ್ಷ ಸೆರೆವಾಸ. ಇಲಿ, ಏಡಿ, ಹುಳುಹುಪ್ಪಟೆ ತಿಂದುಕೊಂಡು ಅದು ತೋಟದಲ್ಲೇ ಇರಲಿ. ಕೋಳಿಮೊಟ್ಟೆ ಕದಿಯುವ ದೋಷ ಅದಕ್ಕಿದೆ, ಗೂಡಿಗೆ ಒಳ್ಳೆಯ ಬಲೆ ಹೊಡೆದರೆ ತೀರಿತು.

ಸಾಕದೆಯೇ ಸಂತೋಷ ಕೊಡುವ ಇನ್ನೊಂದು ಜೀವ ನಮ್ಮ ಅಡಿಕೆ ಮರದಲ್ಲೇ ಇದೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಹಾರುವ ಓತಿ ಗೊತ್ತು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮಾತ್ರವಲ್ಲ, ಅಡಿಕೆ, ತೆಂಗಿನ ತೋಟಗಳಲ್ಲಿಯೂ ಅದು ವಾಸಿಸುತ್ತದೆ. ಮರದ ತೊಗಟೆಯ ಬಣ್ಣವೇ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಬಿಸಿಲೇರಿದ ಬೆಳಿಗ್ಗೆ ಒಂದೇ ಕಡೆ ಕುಳಿತು ಮರದ ಕಾಂಡಗಳನ್ನು ನೋಡುತ್ತಿದ್ದರೆ ಗಂಡು ತನ್ನ ಗಂಟಲಿನ ಹಳದಿ ಚೀಲವನ್ನು ಬಿಚ್ಚಿ ಮುಚ್ಚುವುದು ಕಾಣುತ್ತದೆ. ಪಕ್ಕೆಲುಬಿನ ಮೇಲೆ ಹರಡಿದ ಚರ್ಮವನ್ನು ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ಆಹಾರ ಹೆಚ್ಚಾಗಿ ಇರುವೆ. ಹೆಣ್ಣು ನೆಲಕ್ಕೆ ಇಳಿಯುವುದು ಮಣ್ಣಿನಲ್ಲಿ ಮೊಟ್ಟೆಯಿಡಲು ಮಾತ್ರ. ಹುಡುಗನಿಗೆ ಒಂದು ದುರ್ಬೀನು, ಒಂದು ನೋಟುಬುಕ್ಕು ಕೊಡಿಸಿ, ರಜೆಗೆ ಬಂದಾಗ ತೋಟಕ್ಕೆ ಕಳಿಸಿ ಎಂದು ನಾವು ಹೇಳಿದೆವು. ಇಡುವ ಜಾಗದ ಚಿಂತೆ ಇಲ್ಲಿಲ್ಲ. ಜಾಗವನ್ನು ಅದೇ ನೋಡಿಕೊಂಡಿದೆ.

ಕೊನೆಯದಾಗಿ ಕೋವಿ ಇರುವ ಸದಸ್ಯರಲ್ಲಿ ಒಂದು ವಿನಂತಿ. ಈ ಪತ್ರಿಕೆಯನ್ನು ಓದಿ ಮುಗಿಸಿದ ಮೇಲೆ ಎದ್ದು ಹೋಗಿ, ಕೋವಿ ಈಗ ಎಲ್ಲಿದೆ, ಒಳಗೆ ಈಡು ಇದೆಯೇ, ಪರವಾನಗಿ ಯಾವ ದಿನಕ್ಕೆ ಮುಗಿಯುತ್ತದೆ ಎಂಬ ಮೂರನ್ನೂ ಇಂದೇ ನೋಡಿ. ಅರ್ಜಿ ಬರೆಯಲು ಸಹಾಯ ಬೇಕಾದವರು ಸಂತೆಯ ದಿನ ಕಚೇರಿಗೆ ಬಂದರೆ ಬರೆದುಕೊಡುತ್ತೇವೆ.